ಏಳಿಂಚಿನ ಟೈರೂ ಮುಂಡಿಗೆಹಳ್ಳದ ಏರೂ

ಟೈರ್ ಅಂಗಡಿಯಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಬರೆಯುವುದಕ್ಕೆ ಏನಿದೆ ಎಂದು ನಮ್ಮ ಮನೆಯವಳು ನಕ್ಕಳು. ನಗಲಿ ಬಿಡಿ. ಸಾಗರದ ಹಸನ್ ಸಾಹೇಬರ ಅಂಗಡಿಯಲ್ಲಿ ಈ ಚೌಡಪ್ಪ ಬಿಚ್ಚಿ ಹಾಕಿದ ಟೈರುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೊಡಚಾದ್ರಿಯನ್ನು ಮೀರುತ್ತದೆ. ನಂಬಿಕೆ ಇಲ್ಲದವರು ಪೇರಿಸಿ ನೋಡಿಕೊಳ್ಳಿ! ನಾನು ಹೆಡ್ ಫಿಟ್ಟರ್ ಆದದ್ದು ಯಾವಾಗ, ನನಗೆ ಶಾಲು ಹೊದಿಸಿದ್ದು ಯಾರು ಎಂಬುದನ್ನೆಲ್ಲ ಬರೆಯುವುದಿಲ್ಲ, ಅದರಿಂದ ಯಾರ ಗಾಡಿಯೂ ಏರು ಹತ್ತುವುದಿಲ್ಲ. ಈ ಕಸುಬಿಗೆ ಹೊಸದಾಗಿ ಬರುವವರಿಗೆ ಒಂದು ವಿಷಯ ಹೇಳಲೇಬೇಕು: ಪಿಕಪ್ ಗಾಡಿಗೆ ಕಿರಿದಾದ ಕೆಸರು ಟೈರನ್ನು ಆರಿಸುವುದು. ಅದನ್ನು ನೆನೆದರೆ ಈಗಲೂ ನನ್ನ ಮೈ ಬಿಸಿಯಾಗುತ್ತದೆ.

ಮೊದಲು ನನ್ನ ದಡ್ಡತನದಿಂದಲೇ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಬ್ಯಾಕೋಡಿನಿಂದ ಒಂದು ಜೀಪು ಬಂತು. ಆಗ ಶರಾವತಿ ಹಿನ್ನೀರಿಗೆ ಸೇತುವೆ ಇಲ್ಲ, ಜೀಪು ಲಾಂಚಿನ ಮೇಲೆ ನಿಂತೇ ಬರಬೇಕು, ನಿಂತೇ ಹೋಗಬೇಕು. ಸಾಹೇಬರು ಸಂತೆಗೆ ಹೋಗಿದ್ದರು. ನಾನೇ ನಾಲ್ಕೂ ಹೊಸ ಟೈರು ಹಾಕಿ, ಎಲೆ ಅಡಿಕೆ ಹಾಕಿಕೊಂಡು, ಗಾಡಿ ಹೋಗುವುದನ್ನು ದೊಡ್ಡ ಜನದ ಹಾಗೆ ನೋಡುತ್ತ ನಿಂತೆ. ಆ ಟೈರಿನ ಹಲ್ಲುಗಳಿಗೆ ಒಂದು ದಿಕ್ಕಿರುತ್ತದೆ, ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ, ಬಾಣ ಮುಂದಕ್ಕೆ ತಿರುಗಬೇಕು. ನಾನು ನಾಲ್ಕನ್ನೂ ಉಲ್ಟಾ ಹಾಕಿದ್ದೆ. ಮೂರನೇ ದಿನ ಜೀಪಿನ ಯಜಮಾನರು ಬಂದರು.

"ಎಂತ ಟೈರ್ ಹಾಕಿದೀಯಾ ಮಾರಾಯ? ನನ್ನ ಜೀಪು ಕೆಸರಲ್ಲಿ ಹಿಂದಕ್ಕೆ ಮಾತ್ರ ಹತ್ತುತ್ತದೆ! ಲಾಂಚಿಂದ ಮನೆವರೆಗೂ ಕತ್ತು ತಿರುಗಿಸ್ಕಂಡು ರಿವರ್ಸಲ್ಲೇ ಹೋಗಿದೀನಿ. ದಾರಿಲಿ ಸಿಕ್ಕೋರೆಲ್ಲ 'ಎಲ್ಲಿಗ್ ಹೊಂಟ್ರಿ, ಎಲ್ಲಿಂದ ಬಂದ್ರಿ?' ಅಂತ ಕೇಳೋರು!"

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಸುಣ್ಣದ ಕಡ್ಡಿ ತಂದು ನನ್ನ ಕೈಗೆ ಕೊಟ್ಟು, "ಇವತ್ತಿಂದ ಪ್ರತಿ ಟೈರಿನ ಬಾಣದ ಮೇಲೂ ಗೆರೆ ಎಳಿ. ಆಮೇಲೆ ಪಾನಾ ಮುಟ್ಟು" ಎಂದರು. ಹಾಗೆ ಎಷ್ಟು ತಿಂಗಳು ಎಳೆದೆನೋ ಲೆಕ್ಕವಿಲ್ಲ.

ಹಸನ್ ಸಾಹೇಬರ ಕ್ರಮವೇ ಬೇರೆ ಇತ್ತು. ಗಿರಾಕಿ ಬಂದು ಟೈರು ಬೇಕು ಎಂದರೆ ಅವರು ಟೈರು ತೋರಿಸುತ್ತಿರಲಿಲ್ಲ. "ಗಾಡಿ ಅಡೀಗೆ ಹೋಗಿ ಬಾ ಚೌಡಪ್ಪ" ಎನ್ನುತ್ತಿದ್ದರು. ನಾನು ಬೆನ್ನ ಮೇಲೆ ಮಲಗಿ ಒಳಗೆ ತೂರಿ, ಎಕ್ಸೆಲ್ಲಿಗೆ ಮೆತ್ತಿದ ಕೆಸರನ್ನು ಕೆರೆದು ತರಬೇಕು. ಅದನ್ನು ಅವರು ಬೆರಳಲ್ಲಿ ಉಜ್ಜಿ, ಜಂಬಿಟ್ಟಿಗೆ ಕಲ್ಲಿನ ಪುಡಿ ಸಿಕ್ಕಿದರೆ ಒಂದು ಟೈರು, ಗದ್ದೆಯ ಅಂಟು ಸಿಕ್ಕಿದರೆ ಇನ್ನೊಂದು ಎಂದು ತೀರ್ಮಾನ ಮಾಡುತ್ತಿದ್ದರು. ಮೊದಮೊದಲು ನನಗೆ ಇದು ಹುಚ್ಚಾಟ ಅನ್ನಿಸಿತ್ತು. ಹತ್ತು ವರ್ಷದ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೆ.

ಈಗಿನ ಗಿರಾಕಿ ಫೋನ್ ಹಿಡಿದುಕೊಂಡು ಬರುತ್ತಾನೆ. ಯಾವುದೋ ದೇಶದ ಮರುಭೂಮಿಯಲ್ಲಿ ಧೂಳೆಬ್ಬಿಸುವ ಗಾಡಿಯ ವಿಡಿಯೋ ತೋರಿಸಿ, "ಇಂಥದೇ ಬೇಕು" ಎನ್ನುತ್ತಾನೆ. ಥೂ! ಹೊಸನಗರದಲ್ಲಿ ಮರುಭೂಮಿ ಎಲ್ಲಿದೆ ಮಾರಾಯರೇ? ತೀರ್ಥಹಳ್ಳಿ ಕಡೆಯ ನಾಗಭೂಷಣ ಎಂಬವರು ಹಾಗೇ ಬಂದರು. ಮೇಷ್ಟರ ಮಗ, ತೋಟವಂತರು, ಹೊಸ ಪಿಕಪ್ ತಗೊಂಡು ಮೂರು ದಿನ ಆಗಿತ್ತು. ಅವರಿಗೆ ಹತ್ತೂವರೆ ಇಂಚು ಅಗಲದ ಟೈರು ಬೇಕು. ನಾನು ಏಳಿಂಚಿನದು ತೋರಿಸಿದರೆ ಮುಖ ಸಿಂಡರಿಸಿದರು.

"ಇದೆಂತ ಚೌಡಪ್ಪ, ಎತ್ತಿನ ಗಾಡಿ ಚಕ್ರ ಇದ್ದಂಗಿದೆ! ನೆಂಟರ ಮನೆಗೆ ಹೋದ್ರೆ ಮರ್ಯಾದೆ ಇರ್ತದಾ?"

"ನೆಂಟರ ಮನೆ ತಲುಪಿದ್ರೆ ಮರ್ಯಾದೆ ಇರ್ತದೆ ಸ್ವಾಮಿ" ಎಂದೆ. ಅವರು ಕೇಳಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಹಾಕಿಸಿಕೊಂಡೇ ಹೋದರು.

ಅದೇ ಮಳೆಗಾಲದಲ್ಲಿ ತಂಗಿಯ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರನ್ನು ಬಸ್ ನಿಲ್ದಾಣದಿಂದ ಪಿಕಪ್ಪಿನಲ್ಲಿ ಕರೆತರಲು ಹೋದರಂತೆ. ಒಳದಾರಿಯಲ್ಲಿ ಅಗಲದ ಟೈರು ಕೆಸರಿನ ಮೇಲೆ ತೇಲಿ, ಗಾಡಿ ಕೋಲಾಟ ಆಡಿಕೊಂಡು ಹೋಗಿ ಗದ್ದೆಯ ಅಂಚಿಗೆ ಕೂತಿತು. ಹಿಂದೆ ನಿಂತಿದ್ದ ಭಾವೀ ಬೀಗರು ಬಿಳಿ ಪಂಚೆಯಲ್ಲೇ ಇಳಿದು ತಳ್ಳಿದರು, ಚಕ್ರ ತಿರುಗಿದ ಕೂಡಲೇ ಅವರೆಲ್ಲ ಗದ್ದೆಯಲ್ಲಿ ನೆಟ್ಟಿ ಮಾಡಿ ಬಂದ ಆಳುಗಳಂತೆ ಕಂಡರು. ಸಂಬಂಧ ಮುರಿಯಲಿಲ್ಲ, ದೇವರು ದೊಡ್ಡವನು. ಮರುವಾರವೇ ನಾಗಭೂಷಣರು ಬಂದು, ನನ್ನ ಮುಖ ನೋಡದೆ, "ಆ ಎತ್ತಿನ ಗಾಡಿ ಚಕ್ರ ಇನ್ನೂ ಇದೆಯಾ?" ಎಂದರು.

ಏಕೆ ಹೀಗೆ ಎಂದು ಒಮ್ಮೆ ಸರಿಯಾಗಿ ಹೇಳಿಬಿಡುತ್ತೇನೆ. ನಮ್ಮ ಒಳದಾರಿಗಳು ಜಂಬಿಟ್ಟಿಗೆಯ ಧರೆಯನ್ನು ಕಡಿದು ಮಾಡಿದವು. ಹಿಂದಿನವರ ಎತ್ತಿನ ಗಾಡಿ, ಆಮೇಲಿನವರ ಜೀಪು ಓಡಾಡಿ ಎರಡು ಕೊರಕಲು ಬಿದ್ದಿರುತ್ತವೆ. ಮಳೆಗಾಲದಲ್ಲಿ ಮೇಲೆ ಒಂದು ಗೇಣು ಕೆಸರು, ಅದರ ಕೆಳಗೆ ಕಲ್ಲಿನಂಥ ನೆಲ. ಕಿರಿದಾದ, ಎತ್ತರದ, ಉದ್ದ ಹಲ್ಲಿನ ಟೈರು ಕೆಸರನ್ನು ಸೀಳಿ ಕೆಳಗಿನ ಕಲ್ಲನ್ನು ಹಿಡಿಯುತ್ತದೆ. ಅಗಲದ ಟೈರು ಕೆಸರಿನ ಮೇಲೆಯೇ ನಿಂತು ಕುಣಿಯುತ್ತದೆ. ಘಟ್ಟದ ಕೆಳಗೆ ಮರಳಿನಲ್ಲಿ ಓಡಿಸುವವರಿಗೆ ಅಗಲದ್ದೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಿರಿದಕ್ಕೂ ದೋಷವಿದೆ: ಡಾಂಬರಿನಲ್ಲಿ ಗುಂಯ್ ಎಂದು ಕಿವಿ ತಿನ್ನುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕು ಸ್ವಲ್ಪ ಮೊದಲೇ ಒತ್ತಬೇಕು. ಇದನ್ನು ಹೇಳದೆ ಟೈರು ಕೊಡುವವನು ಮೋಸಗಾರ. ಹಾರೆ ಸುತ್ತಿಗೆಯ ಕಾಲ ಹೋಗಿ ಈಗ ಟೈರು ಬಿಚ್ಚುವುದಕ್ಕೆ ಮಿಷನ್ ಬಂದಿದೆ, ಕೈ ರಟ್ಟೆ ಉಳಿಯಿತು, ಸಂತೋಷ. ಆದರೆ ಯಾವ ದಾರಿಗೆ ಯಾವ ಟೈರು ಎಂದು ಹೇಳುವ ಮಿಷನ್ ಇನ್ನೂ ನಮ್ಮ ಅಂಗಡಿಗೆ ಬಂದಿಲ್ಲ.

ಇಷ್ಟೆಲ್ಲ ತಿಳಿದ ನಾನೇ ಹೇಗೆ ಎಡವಿದೆ, ಕೇಳಿ.

ನಿವೃತ್ತನಾಗುವ ವರ್ಷದ ಬೇಸಿಗೆಯಲ್ಲಿ ಸುಶೀಲಾ ಎಂಬ ಹೆಣ್ಣುಮಗಳು ಅಂಗಡಿಗೆ ಬಂದಳು. ಹುಂಚದಿಂದ ಒಳಗೆ ಮುಂಡಿಗೆಹಳ್ಳ ಎಂಬ ಊರು ಅವಳದು. ಗಂಡ ಗಾರೆ ಕೆಲಸದವನು, ಸ್ಟಿಯರಿಂಗ್ ಹಿಡಿಯುವುದು ಅವಳು. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡು, ಊರಿನ ಹಾಲನ್ನು ಡಾಂಬರು ರಸ್ತೆಯ ಹಾಲಿನ ಕೇಂದ್ರಕ್ಕೆ ಸಾಗಿಸುವ ಕೆಲಸ ಹಿಡಿದಿದ್ದಳು. ಅದಕ್ಕೆ ಮೊದಲು ಆ ಊರಿನ ಹೆಂಗಸರು ತಲೆಯ ಮೇಲೆ ಕ್ಯಾನ್ ಹೊತ್ತು ಏರು ಹತ್ತಿ ಬರಬೇಕಿತ್ತು. ಗಾಡಿ ಬಂದ ಮೇಲೆ ಒಂದಿದ್ದ ಮನೆಯಲ್ಲಿ ಎರಡು ಹಸು ಆದವು. ಗಾಡಿಯಲ್ಲಿ ಹಳೆಯ ಯಜಮಾನ ಹಾಕಿಸಿದ್ದ ಅಗಲದ ಟೈರು ಇತ್ತು.

"ಮಳೆಗಾಲಕ್ಕೆ ಇದು ಆಗ್ತದಾ ಚೌಡಪ್ಪಣ್ಣ? ಒಂದ್ಸಲ ದಾರಿ ನೋಡಿ ಹೇಳಿ" ಎಂದಳು.

ಹೋದೆ. ಮುಂಡಿಗೆಹಳ್ಳ ಇರುವುದು ತಗ್ಗಿನಲ್ಲಿ, ಹಾಲು ತುಂಬಿದ ಗಾಡಿ ಏರು ಹತ್ತಿಯೇ ಹೊರಗೆ ಬರಬೇಕು. ಮೇ ತಿಂಗಳ ಬಿಸಿಲಿಗೆ ದಾರಿ ಕಾವಲಿಯ ಹಾಗಿತ್ತು. ಅಡಿಕೆ ಮರದ ಸೀಳು ದಬ್ಬೆಯನ್ನು ಚೂಪು ಮಾಡಿ ಚುಚ್ಚಿದರೆ ಇಂಚೂ ಇಳಿಯಲಿಲ್ಲ. ಪಾಪ, ಈಗತಾನೆ ಗಾಡಿ ಕೊಂಡವಳು, ಮತ್ತೆ ಖರ್ಚು ಯಾಕೆ ಎಂದುಕೊಂಡು, "ಇದೇ ಸಾಕು ತಂಗಿ, ಧೈರ್ಯವಾಗಿ ಓಡ್ಸು" ಎಂದೆ. ಕನಿಕರದಿಂದ ಹೇಳಿದ ಮಾತು ಅದು. ಕನಿಕರದಿಂದ ಟೈರು ಆರಿಸಬಾರದು ಎಂದು ಆಗ ನನಗೆ ಹೊಳೆಯಲಿಲ್ಲ.

ಜೂನಿನಲ್ಲಿ ಆರಿದ್ರಾ ಮಳೆ ಹಿಡಿಯಿತು. ನಾಲ್ಕನೇ ದಿನ ಸುಶೀಲಾ ಅಂಗಡಿಗೆ ನುಗ್ಗಿದಳು. ಸೀರೆಯ ಅರ್ಧಕ್ಕೆ ಕೆಸರು.

"ಸಾಕು ಅಂದ್ರಲ್ಲ ನೀವು! ಬನ್ನಿ, ಬಂದು ನೋಡಿ ಸಾಕಾ ಅಂತ! ಏರಲ್ಲಿ ಎರಡು ತಾಸು ಸಿಕ್ಕಂಡಿದ್ದೆ, ಅಷ್ಟೂ ಹಾಲು ಒಡೆದೋಯ್ತು. ನಲವತ್ತು ಮನೆ ಹಾಲು ಚೌಡಪ್ಪಣ್ಣ!"

ಹಾಲಿನ ಕೇಂದ್ರದ ಸೂಪರ್‌ವೈಸರ್ ನ್ಯಾಯವಾಗಿಯೇ ಹೇಳಿದ್ದರಂತೆ: ಒಂದು ವಾರ ನೋಡುತ್ತೇನೆ, ಬೆಳಿಗ್ಗೆ ಒಂಬತ್ತರೊಳಗೆ ಹಾಲು ಕೇಂದ್ರಕ್ಕೆ ಬರಬೇಕು, ಒಂದು ದಿನ ತಪ್ಪಿದರೂ ಮಳೆಗಾಲ ಮುಗಿಯುವ ತನಕ ಆ ಊರಿನ ಹಾಲು ಬೇಡ. ನಾಲ್ಕು ತಿಂಗಳು ಹಾಲು ಹೋಗದಿದ್ದರೆ ಹಸು ಸಾಕುವವರು ಯಾರು? ಊರಿನ ಗಿರಿಜಮ್ಮ ಎಂಬ ಮುದುಕಿ ಆಗಲೇ ತನ್ನ ಹಸು ಕೆಂಪಿಯನ್ನು ಮಾರುವುದಕ್ಕೆ ದಲ್ಲಾಳಿಗೆ ಹೇಳಿಬಿಟ್ಟಿದ್ದಳು. ವಾರದ ಕೊನೆಗೆ ಅವನು ಬಂದು ಹೊಡೆದುಕೊಂಡು ಹೋಗುವವನಿದ್ದ.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳ ಗಾಡಿಯಲ್ಲೇ ಕೂತು ಹೋದೆ. ಸುರಿಯುವ ಮಳೆಯಲ್ಲಿ ಚಪ್ಪಲಿ ಬಿಟ್ಟು, ಆ ಏರನ್ನು ಮೇಲಿಂದ ಕೆಳಗೆ ನಡೆದೆ. ಹತ್ತು ಹೆಜ್ಜೆಗೊಮ್ಮೆ ದಬ್ಬೆ ಇಳಿಸಿದೆ. ಒಂದು ಗೇಣು ಸರ್ರನೆ ಹೋಗುತ್ತದೆ, ಆಮೇಲೆ ಠಕ್! ಮತ್ತೆ ಹತ್ತು ಹೆಜ್ಜೆ, ಮತ್ತೆ ಠಕ್! ನಾನು ಕೆಸರಲ್ಲೇ ಕುಣಿದೆ.

"ತಳ ಇದೆ ಸುಶೀಲಾ! ಉದ್ದಕ್ಕೂ ತಳ ಇದೆ! ಏಳಿಂಚಿನ ಟೈರ್ ಹಾಕಿದ್ರೆ ನಿನ್ನ ಗಾಡಿ ಆಡಿನ ಹಂಗೆ ಹತ್ತುತ್ತದೆ!"

"ಈ ಸಲನೂ ಸಾಕು ಅಂತಿದೀರಾ?" ಎಂದಳು ಅವಳು.

ಆ ಮಧ್ಯಾಹ್ನವೇ ನಾಲ್ಕಕ್ಕೂ ಒಂದೇ ಅಳತೆಯ, ಉದ್ದ ಹಲ್ಲಿನ ಟೈರು ಹಾಕಿದೆ. ಬಾಣ ನೋಡಿದೆ, ಮತ್ತೊಮ್ಮೆ ನೋಡಿದೆ. ಏರಿಗೆ ಬರುವಾಗ ಗಾಳಿ ಸ್ವಲ್ಪ ಇಳಿಸಬೇಕು, ಡಾಂಬರಿಗೆ ಬಂದ ಮೇಲೆ ತುಂಬಿಸಬೇಕು ಎಂದು ಕಲಿಸಿದೆ. ಸಂಜೆ ಮರಳಿನ ಚೀಲ ತುಂಬಿ ಪರೀಕ್ಷೆಗೆ ಹತ್ತಿಸಿದಳು. ಏನು ಹೇಳಲಿ! ಟೈರು ಕೆಸರಿಗೆ ಇಳಿಯಿತು, ಕೆಳಗಿನ ಕಲ್ಲು ಕಚ್ಚಿದ್ದು ನಾನು ಕೂತ ಜಾಗಕ್ಕೇ ಗೊತ್ತಾಯಿತು, ಗಾಡಿ ಒಂದೇ ಉಸಿರಿಗೆ ತಲೆಗೆ ಹೋಗಿ ನಿಂತಿತು. ಇಬ್ಬರೂ ಕಿರುಚಿದೆವು. ಅರವತ್ತರ ಹತ್ತಿರದ ಗಂಡಸು ಹಾಗೆ ಕಿರುಚಬಾರದು, ಆದರೂ ಕಿರುಚಿದೆ.

ಆರು ದಿನ ಹಾಲು ಎಂಟೂವರೆಗೇ ಮುಟ್ಟಿತು. ದಿನಾ ಫೋನ್ ಮಾಡುತ್ತಿದ್ದಳು. ಏಳನೇ ದಿನ ನಾನೇ ಕಣ್ಣಾರೆ ನೋಡಬೇಕು ಎಂದು ಹಿಂದಿನ ದಿನವೇ ಹುಂಚದ ಭಾವನ ಮನೆಗೆ ಹೋದೆ. ಬೆಳಿಗ್ಗೆ ಭಾವ ಬೈಕಿನಲ್ಲಿ ಏರಿನ ತಲೆಗೆ ಬಿಟ್ಟ. ಕೆಳಗೆ ನೋಡಿದರೆ, ದಾರಿ ಇಲ್ಲ! ಕೊರಕಲು ಇಲ್ಲ! ಇಪ್ಪತ್ತು ಮಾರು ಉದ್ದಕ್ಕೆ ಹೊಸ ಕೆಮ್ಮಣ್ಣು, ಅದರ ಮೇಲೆ ಹಸಿ ಸೊಪ್ಪು, ಮದುವೆ ಚಪ್ಪರದ ನೆಲದಂತೆ ಚೊಕ್ಕವಾಗಿ ಹರಡಿದೆ. ಅದರ ನಡುವೆ ಸುಶೀಲಾಳ ಪಿಕಪ್ಪು ಹಾಲು ತುಂಬಿಕೊಂಡು ಹೊಟ್ಟೆಯ ಮಟ್ಟಕ್ಕೆ ಹೂತಿದೆ. ಟೈರು ತಳ ಮುಟ್ಟಿತ್ತು, ಆದರೆ ಮಣ್ಣು ಎಕ್ಸೆಲ್ಲಿನ ಮೇಲಕ್ಕೆ ಬಂದು ಗಾಡಿಯನ್ನು ಅಪ್ಪಿ ಹಿಡಿದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಓಡಿ ಇಳಿದೆ. ಊರಿನವರೆಲ್ಲ ಗಾಡಿಯ ಸುತ್ತ ನಿಂತಿದ್ದರು.

"ಯಾವ ಬುದ್ಧಿವಂತ ಮಾಡಿದ ಕೆಲಸ ಇದು? ಇಲ್ಲಿ ಮಣ್ಣು ಹಾಕಿದ್ಯಾರು?" ಎಂದು ಕೂಗಿದೆ.

ಗಿರಿಜಮ್ಮ ಮುಂದೆ ಬಂದಳು. ಅವಳ ಕೈಯಲ್ಲಿ ಇನ್ನೂ ಮಣ್ಣು ಹೊರುವ ಮಂಕರಿ ಇತ್ತು.

"ಎಲ್ರೂ ಸೇರಿ ಹಾಕಿದ್ದು ಮಾರಾಯ್ರೇ. ಸುಶೀಲಾ ಆರು ದಿನ ಒದ್ದಾಡಿದಾಳೆ. ನಿನ್ನೆ ಅವ್ಳು ಬಂದು ಸುಸ್ತಾಗಿ ಮಲ್ಗಿದ್ ಮೇಲೆ ಮನೆಗೊಬ್ರು ಬಂದು ಶ್ರಮದಾನ ಮಾಡಿದ್ವಿ. ಕೊನೇ ದಿನ ಆದ್ರೂ ಗಾಡಿ ಮೆತ್ತಗೆ ಹೋಗ್ಲಿ, ಆ ಸಣ್ಣ ಟೈರಿಗೆ ನೋವಾಗ್ಬಾರ್ದು ಅಂತ."

ಟೈರಿಗೆ ನೋವಾಗಬಾರದು! ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟು ಪ್ರೀತಿಯಿಂದ ಕೆಲಸ ಕೆಡಿಸಿದವರನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಈ ಟೈರು ಯಾಕೆ ಹತ್ತುತ್ತದೆ ಎಂದು ಸುಶೀಲಾಳಿಗೆ ಹೇಳಿದ್ದೆ, ಊರಿಗೆ ಹೇಳಿರಲಿಲ್ಲ. ಅದೂ ನನ್ನದೇ ತಪ್ಪು. ಒಬ್ಬರ ಕೈಯಿಂದ ಗುದ್ದಲಿ ಕಿತ್ತುಕೊಂಡು ಚಕ್ರದ ಮುಂದೆ ಅಗೆದೆ. ಕೆಳಗಿನ ಕಲ್ಲು ಕಂಡ ಕೂಡಲೇ ಗುದ್ದಲಿಯ ಹಿಂಭಾಗದಿಂದ ಅದಕ್ಕೆ ಬಡಿದೆ.

"ಕೇಳಿ! ಇದು, ಇದು ಬೇಕು ಟೈರಿಗೆ. ಮೆತ್ತಗೆ ಇರೋದು ಬೇಡ. ನೀವ್ ಹಾಕಿದ್ದಷ್ಟೂ ತೆಗೀರಿ, ಬೇಗ!"

ಗಂಟೆ ಏಳೂ ಮುಕ್ಕಾಲು. ಹಾಕುವಾಗ ಇದ್ದ ಉಮೇದಿಗಿಂತ ಎರಡು ಪಟ್ಟು ಉಮೇದಿನಲ್ಲಿ ತೆಗೆದರು ನೋಡಿ! ಗುದ್ದಲಿ ಇದ್ದವರು ಗುದ್ದಲಿಯಲ್ಲಿ, ಇಲ್ಲದವರು ಅಡಿಕೆ ಹಾಳೆಯಲ್ಲಿ, ಮಂಕರಿಯಲ್ಲಿ, ಬರಿಗೈಯಲ್ಲಿ. ಸುಶೀಲಾ ಗಾಡಿಯ ಅಡಿಗೆ ಮಲಗಿ ಎಕ್ಸೆಲ್ಲಿನ ಮಣ್ಣು ಕೆರೆದಳು. ಯಾರೋ ಹಿರಿಯರು "ನಿನ್ನೆ ಹಾಕಿದ್ದನ್ನ ಇವತ್ತು ತೆಗೆಯೋ ಊರು ನಮ್ದೊಂದೇ" ಎಂದಾಗ ಆ ಗಡಿಬಿಡಿಯಲ್ಲೂ ನಗು ಎದ್ದಿತು. ಮಳೆ ಜಪ್ಪುತ್ತಲೇ ಇತ್ತು. ಎಂಟೂಕಾಲಿಗೆ ಎರಡು ಕೊರಕಲು ಮತ್ತೆ ತೋರಿದವು.

"ಹತ್ತು ತಂಗಿ" ಎಂದೆ.

ಹತ್ತಿದಳು! ಟೈರು ಕಲ್ಲು ಹಿಡಿದು, ಹಲ್ಲಿನಿಂದ ಕೆಮ್ಮಣ್ಣು ಉಗುಳುತ್ತ ಹೋಯಿತು. ನಾನು ಓಡಿಹೋಗಿ ಕ್ಯಾಬಿನ್ನಿಗೆ ಹಾರಿ ಕೂತೆ. ಡಾಂಬರಿಗೆ ಬಂದು ಗಾಳಿ ತುಂಬಿಸುವಷ್ಟು ಹೊತ್ತಿಲ್ಲ, ನಿಧಾನ ಹೋಗುವಷ್ಟೂ ಹೊತ್ತಿಲ್ಲ. ಕೇಂದ್ರದ ಗೇಟಿಗೆ ತಲುಪಿದಾಗ ಒಂಬತ್ತಕ್ಕೆ ನಾಲ್ಕು ನಿಮಿಷ. ಸೂಪರ್‌ವೈಸರ್ ನಮ್ಮಿಬ್ಬರ ಅವತಾರ ನೋಡಿದರು. ಒಂದೊಂದೇ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಪ್ರತಿ ಕ್ಯಾನಿನಿಂದಲೂ ಸ್ವಲ್ಪ ತೆಗೆದು ಕಾಯಿಸಿದರು. ಸುಶೀಲಾ ನನ್ನ ತೋಳು ಹಿಡಿದ ಹಿಡಿತಕ್ಕೆ ಆಮೇಲೆ ಎರಡು ದಿನ ನೋವಿತ್ತು.

"ಒಡೆದಿಲ್ಲ. ಸುರಿಯಿರಿ" ಎಂದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ಸಂಜೆ ಹಾಲಿಗೆ ಕ್ಯಾನ್ ಸಾಕಾಗ್ತದಾ? ಎರಡು ಜಾಸ್ತಿ ತಗೊಂಡ್ ಹೋಗಿ" ಎಂದರು. ಸುಶೀಲಾ ಗಾಡಿಯ ಮೆಟ್ಟಿಲ ಮೇಲೆ ಕೂತು ಗಳಗಳ ಅತ್ತಳು. ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಾಪಸು ಬರುವಾಗ ಏರಿನ ತಲೆಯಲ್ಲಿ ಅವಳು ಗಾಡಿ ನಿಲ್ಲಿಸಿದಳು. ಕೆಳಗೆ ಊರು ಕಾಯುತ್ತಿದೆ ಎಂದು ಇಬ್ಬರಿಗೂ ಗೊತ್ತು. ಹಾಲು ವಾಪಸಾಗಿದ್ದರೆ ಕ್ಯಾನುಗಳು ಭಾರವಾಗಿ ಅಲುಗದೆ ಕೂತಿರುತ್ತವೆ, ಖಾಲಿ ಕ್ಯಾನು ಮಾತ್ರ ಸದ್ದು ಮಾಡುತ್ತದೆ. ಅವಳು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿ, ಬೇಕೆಂದೇ ಕಲ್ಲಿನಿಂದ ಕಲ್ಲಿಗೆ ಚಕ್ರ ಹತ್ತಿಸಿ ಇಳಿಸುತ್ತ ಹೊರಟಳು. ಹಿಂದೆ ಕ್ಯಾನುಗಳು ಢಣಢಣ ಎಂದು ಕುಣಿದವು! ನಾವು ಕಾಣುವ ಮೊದಲೇ ಕೆಳಗಿನಿಂದ ಕೇಕೆ ಎದ್ದಿತು: "ಖಾಲಿ! ಖಾಲಿ ಬಂತು!"

ಗಿರಿಜಮ್ಮನ ಅಂಗಳದಲ್ಲಿ ದಲ್ಲಾಳಿ ಹಗ್ಗ ಹಿಡಿದು ನಿಂತಿದ್ದ. ಅವಳು ಕೆಸರಿನ ಕೈಯಲ್ಲೇ ಕೆಂಪಿಯ ಕೊರಳು ತಬ್ಬಿಕೊಂಡು ಅವನಿಗೆ ಹೇಳಿದಳು:

"ಬಂದೋರು ಕಾಫಿ ಕುಡ್ಕಂಡ್ ಹೋಗಿ. ಹಸು ಇಲ್ಲೇ ಇರ್ತದೆ."